ಸಹಾಯ ಬೇಕು: ಚೂರಿಗೆ ಹದ ಸರಿಯಾಗಿ ಕೂತಿಲ್ಲ, ತುದಿಯೂ ಬಾಗಿದೆ
ಗುಜರಿಯಲ್ಲಿ ಸಿಕ್ಕ ಹಳೇ ಜೀಪಿನ ಲೀಫ್ ಸ್ಪ್ರಿಂಗ್ ಪಟ್ಟಿಯಿಂದ ತರಕಾರಿ ಹೆಚ್ಚುವ ಚೂರಿ ಮಾಡುತ್ತಿದ್ದೇನೆ. ಆಂಗಲ್ ಗ್ರೈಂಡರ್, ಎರಡು ಅರ, ಒಂದು ಡ್ರಿಲ್, ಅಷ್ಟೇ ಇರುವುದು. ಕುಲುಮೆ ಅಂದ್ರೆ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಇದ್ದಿಲು ತುಂಬಿ, ಹೆಂಡತಿಯ ಹೇರ್ ಡ್ರೈಯರ್‌ನಲ್ಲಿ ಗಾಳಿ ಹಾಕಿದ್ದು (ಅದರಿಂದ ಈಗ ಸುಟ್ಟ ವಾಸನೆ ಬರುತ್ತಿದೆ, ಅದು ಬೇರೆ ಕಥೆ).

ಹದ ಹಾಕಲು, ಅಂದ್ರೆ ಉಕ್ಕು ಗಟ್ಟಿಯಾಗಲಿ ಅಂತ, ಮೊದಲ ಚೂರಿಯನ್ನು ಕಾಯಿಸಿ ನೀರಿಗೆ ಅದ್ದಿದೆ. ಟಿಣ್ ಅಂತ ಸದ್ದು, ಅಂಚಿನಿಂದ ಬೆನ್ನಿನವರೆಗೂ ಕೂದಲೆಳೆಯಂಥ ಬಿರುಕು. ತಪ್ಪು ನನ್ನದೇ, ಈ ಉಕ್ಕಿಗೆ ಎಣ್ಣೆಯೇ ಸರಿ. ಎರಡನೆಯದನ್ನು ಅಯಸ್ಕಾಂತ ಹಿಡಿಯುವುದು ನಿಂತ ಮೇಲೂ ಸ್ವಲ್ಪ ಕಾಯಿಸಿ, ಬಿಸಿ ಮಾಡಿದ ಸೂರ್ಯಕಾಂತಿ ಎಣ್ಣೆಗೆ ಇಳಿಸಿದೆ. ಈಗ ತುದಿಯ ಕಡೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ, ಅಂದ್ರೆ ಅಲ್ಲಿ ಗಟ್ಟಿಯಾಗಿದೆ; ಹಿಡಿ ಹತ್ತಿರದ ಎರಡು ಇಂಚಿನಲ್ಲಿ ಮಾತ್ರ ಅರ ಸುಲಭವಾಗಿ ಕಚ್ಚುತ್ತದೆ, ಅಲ್ಲಿ ಇನ್ನೂ ಮೆತ್ತಗಿದೆ. ಬೆಂಕಿ ಅಲ್ಲಿಗೆ ಸರಿಯಾಗಿ ತಲುಪಿಲ್ಲ ಅನ್ಸುತ್ತೆ. ಜೊತೆಗೆ ತುದಿ ಎಡಕ್ಕೆ 3 ಮಿಲಿಮೀಟರ್ ಬಾಗಿದೆ.

ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಟ್ಟು ಬಿಸಿ ಇರುವಾಗಲೇ ನೆಟ್ಟಗೆ ಮಾಡಲಾ, ಇಲ್ಲ ಪೂರ್ತಿ ಕೆಂಪಗೆ ಕಾಯಿಸಿ, ಗಾಳಿಯಲ್ಲಿ ಆರಿಸಿ, ಮೊದಲಿಂದ ಹದ ಹಾಕಲಾ? ಅಂಚನ್ನು 1 ಮಿಲಿಮೀಟರ್‌ಗಿಂತ ತೆಳ್ಳಗೆ ಉಜ್ಜಿಬಿಟ್ಟಿದ್ದೆ, ಬಾಗಿದ್ದು ಅದಕ್ಕೇನಾ? ತಣ್ಣಗಿರುವಾಗ ಸುತ್ತಿಗೆಯಲ್ಲಿ ಬಡಿದರೆ ಮುರಿಯುತ್ತೆ ಅಂತ ಗೊತ್ತು. ಕೈಯಾರೆ ಮಾಡಿ ನೋಡಿದವರು ದಯವಿಟ್ಟು ಹೇಳಿ, ಭಾನುವಾರ ಮತ್ತೆ ಬೆಂಕಿ ಹಾಕಬೇಕು.