ದಾಸವಾಳದ ಪರಾಗ ಹತ್ತಿರದಿಂದ: 50 ಎಂಎಂ ಲೆನ್ಸ್ ಸಾಕೇ?

ಪ್ರಶ್ನೆ:
ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಚಿಪ್ ಚಿಕ್ಕದಿರುವ) ಕ್ಯಾಮೆರಾ, 50 ಎಂಎಂ ಎಫ್/1.8 ಲೆನ್ಸ್ ಇದೆ. ದಾಸವಾಳದ ಪರಾಗ ಕಾಣುವಷ್ಟು ಹತ್ತಿರ ಹೋದರೆ ಫೋಕಸ್ ಆಗುವುದೇ ಇಲ್ಲ. ತೀರಾ ಹತ್ತಿರದ ಚಿತ್ರಕ್ಕೆಂದೇ ಇರುವ ಮ್ಯಾಕ್ರೋ ಲೆನ್ಸ್ ಕೊಳ್ಳದೆ ದಾರಿ ಇದೆಯೇ?

ಉತ್ತರ 1:
ಇದೆ ಸರ್, ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜಿಲ್ಲ, ಬರೀ ಟೊಳ್ಳು ಬಳೆ. ಲೆನ್ಸನ್ನು ಸೆನ್ಸರ್‌ನಿಂದ ದೂರ ಇಡುತ್ತದೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಇಲ್ಲಿ 50 ಎಂಎಂ) ಭಾಗಿಸಿ: 36 ಎಂಎಂ ಹಾಕಿದರೆ 36/50, ಅಂದರೆ ಸೆನ್ಸರ್ ಮೇಲೆ ಹೂವು ನಿಜ ಗಾತ್ರದ 0.72 ಪಟ್ಟು ಬೀಳುತ್ತದೆ. ಲೆನ್ಸಿನದೇ ಹತ್ತಿರದ ಫೋಕಸ್ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ಎಲೆಕ್ಟ್ರಾನಿಕ್ ಸಂಪರ್ಕ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಅಪರ್ಚರ್ (ಬೆಳಕು ಬರುವ ರಂಧ್ರ) ಹೊಂದಿಸುವ ರಿಂಗ್ ಇಲ್ಲದ ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಿಸಲಾಗದು.

ಉತ್ತರ 2:
ಟ್ಯೂಬ್ ಸಿಕ್ಕ ಮೇಲೆ ನಿಜವಾದ ತಲೆನೋವು ಗಾಳಿ. ಇಷ್ಟು ಹತ್ತಿರದಲ್ಲಿ ಅಪರ್ಚರ್ ಎಫ್/8ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿ.ಮೀ. ಅಷ್ಟೇ. ರಂಧ್ರ ಇನ್ನೂ ಕಿರಿದಾಗಿ ಎಫ್/16 ದಾಟಿದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮಸುಕು. ಎಫ್/8ರಿಂದ 11, ಶಟರ್ 1/250 ಇಡಿ. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 800 ಆದರೂ ಚಿಂತೆಯಿಲ್ಲ. ಬೆಳಿಗ್ಗೆ ಹೂವು ಹೊಸದಾಗಿ ಅರಳಿರುತ್ತದೆ, ಗಾಳಿಯೂ ಸಾಮಾನ್ಯವಾಗಿ ಕಡಿಮೆ. ತೊಟ್ಟಿನ ಪಕ್ಕ ಕಡ್ಡಿ ನೆಟ್ಟು ಬಟ್ಟೆ ಕ್ಲಿಪ್ ಹಾಕಿ. ಫೋಕಸ್ ಮ್ಯಾನುಯಲ್, ರಿಂಗ್ ತಿರುಗಿಸಬೇಡಿ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ 10-15 ಚಿತ್ರ ತೆಗೆಯಿರಿ. ಕೇಸರದ ಕಂಬಕ್ಕೆ ಸೆನ್ಸರ್ ಸಮಾನಾಂತರವಾಗಿದ್ದರೆ ಇರುವ ಆ ಚೂರು ಆಳವೇ ತುದಿಯ ಐದು ಗುಂಡುಗಳವರೆಗೂ ಸಾಕಾಗಬಹುದು.

ಪ್ರಶ್ನೆ ಕೇಳಿದವರು:
ಎಸಳು ಕೆಂಪು ಮುದ್ದೆಯಂತೆ ಬರುತ್ತಿದೆ, ಗೆರೆಗಳೇ ಕಾಣುತ್ತಿಲ್ಲ.

ಉತ್ತರ 3:
ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಮಾಹಿತಿ) ಮಿತಿಮೀರಿ ತುಂಬಿಹೋಗಿದೆ. ಕ್ಯಾಮೆರಾ ತೋರಿಸುವ ಬೆಳಕಿನ ಗ್ರಾಫ್, ಅಂದರೆ ಸಾಮಾನ್ಯ ಹಿಸ್ಟೋಗ್ರಾಮ್‌ನಲ್ಲಿ ಇದು ಗೊತ್ತಾಗದಿರಬಹುದು, ಕೆಂಪು-ಹಸಿರು-ನೀಲಿ ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ನೋಡಿ. ಎಕ್ಸ್‌ಪೋಷರ್ ಮುಕ್ಕಾಲರಿಂದ 1 ಸ್ಟಾಪ್ ಇಳಿಸಿ (1 ಸ್ಟಾಪ್ ಅಂದರೆ ಬೆಳಕು ಅರ್ಧ), ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ನೇರ ಬಿಸಿಲಿದ್ದರೆ ಬಟರ್ ಪೇಪರ್ ಅಡ್ಡ ಹಿಡಿಯಿರಿ.