ಹಿಮಪಾತ: ಬೀಳುವ ಹಿಮವೋ, ಜರಿಯುವ ಹಿಮವೋ?

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ಹಿಮಾಚಲ, ಉತ್ತರಾಖಂಡದ ಕಡೆ ಚಾರಣಕ್ಕೆ ಹೊರಟ ಗೆಳೆಯರಿಗಾಗಿ ಕನ್ನಡದಲ್ಲಿ ಎರಡು ಪುಟದ ಎಚ್ಚರಿಕೆ ಸೂಚನೆ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಬೆಟ್ಟದ ಇಳಿಜಾರಿನಿಂದ ರಾಶಿ ಹಿಮ ಒಮ್ಮೆಲೇ ಜಾರಿ ಬರುವ ಅವಲಾಂಚ್‌ಗೆ ಏನಂತ ಬರೆಯಲಿ?

ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು 'ಹಿಮಪಾತ'. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸೈನಿಕರ ಶಿಬಿರದ ಮೇಲೆ ಹಿಮದ ಗೋಡೆ ಬಿದ್ದು, ಆರು ದಿನ ಅದರಡಿಯಲ್ಲಿ ಜೀವ ಹಿಡಿದಿದ್ದು ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಸುದ್ದಿಯ ಜೊತೆ ಈ ಪದ ನಮ್ಮ ಮನೆಮನೆಗೂ ಬಂತು. ಆದರೆ ಶಿಮ್ಲಾದಲ್ಲಿ ಸುಮ್ನೆ ಹಿಮ ಸುರಿದರೂ 'ಭಾರಿ ಹಿಮಪಾತ' ಅಂತಲೇ ಬರೆಯುತ್ತೇವೆ, ಅಲ್ವಾ? ಹಿಂದಿಯಲ್ಲಿ ಈ ಗೊಂದಲವಿಲ್ಲ. ಆಕಾಶದಿಂದ ಬೀಳುವುದು ಹಿಮಪಾತ್, ಬೆಟ್ಟದಿಂದ ಜಾರಿ ಬರುವುದು ಹಿಮಸ್ಖಲನ್. ಅದನ್ನು ಹಾಗೇ ತರೋಣವೆಂದರೆ, ಕನ್ನಡದಲ್ಲಿ ಸ್ಖಲನಕ್ಕೆ ಬೇರೆಯೇ ಅರ್ಥ ಮೊದಲು ಹೊಳೆಯುತ್ತದೆ.

ಇದು ಬರೀ ಪದದ ಮಾತಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದ 9 ಚಾರಣಿಗರು ತೀರಿಕೊಂಡದ್ದು ಹಿಮಗಾಳಿಗೆ ಸಿಕ್ಕಿ. 2022ರ ಅಕ್ಟೋಬರ್‌ನಲ್ಲಿ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಯ ಶಿಬಿರಾರ್ಥಿಗಳನ್ನು ಬಲಿ ತೆಗೆದುಕೊಂಡದ್ದು ಜಾರಿ ಬಂದ ಹಿಮ. ಹಿಮಗಾಳಿಯಲ್ಲಿ ಬೇಕಾದ್ದು ಬೆಚ್ಚಗಿನ ಆಸರೆ, ಬೇಗ ಕೆಳಗಿಳಿಯುವ ನಿರ್ಧಾರ. ಜಾರುವ ಹಿಮದ ಜಾಗದಲ್ಲಿ ನೋಡಬೇಕಾದ್ದು ಇಳಿಜಾರು: ಹೆಚ್ಚಿನವು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ ಆಗುತ್ತವೆ, ಅದೂ ಹೊಸ ಹಿಮ ಬಿದ್ದ ಮೇಲೆ, ಗಾಳಿ ಹಿಮವನ್ನು ತಂದು ಗುಡ್ಡೆ ಹಾಕಿದ ಮರೆಯ ಬದಿಯಲ್ಲಿ ಜಾಸ್ತಿ. ಆಕಾಶ ತಿಳಿಯಾಗಿದೆ, 'ಹಿಮಪಾತ' ನಿಂತಿದೆ ಎಂದು ಹೊರಡುವವರಿಗೆ ಅದೇ ಹೊತ್ತು ಅಪಾಯದ್ದು. ಒಂದೇ ಪದ ಇಟ್ಟರೆ ಇದನ್ನು ಹೇಗೆ ತಿಳಿಸುವುದು?

'ಹಿಮಕುಸಿತ' ಪರವಾಗಿಲ್ಲ. ಗುಡ್ಡ ಕುಸಿತ ನಮಗೆಲ್ಲ ಗೊತ್ತು. ಆದರೆ ಕರಾವಳಿಯಲ್ಲಿ 'ಗುಡ್ಡ ಜರಿಯಿತು' ಎನ್ನುತ್ತಾರೆ, ನನಗೆ ಅದೇ ಇನ್ನೂ ಹತ್ತಿರ ಅನಿಸುತ್ತದೆ. ಕುಸಿಯುವುದು ನಿಂತಲ್ಲೇ ಬೀಳುವುದು, ಜರಿಯುವುದು ಮೇಲಿಂದ ಜಾರುತ್ತಾ ಬರುವುದು. ಸಿಯಾಚಿನ್‌ನಲ್ಲಿ ಆದದ್ದು ಕುಸಿತ. ಚಾರಣಿಗರು ಕಾಲಿಟ್ಟಾಗ ಆಗುವುದು ಹೆಚ್ಚಾಗಿ ಜರಿತ. ಹಾಗಾಗಿ 'ಹಿಮಜರಿತ' ಎಂದು ಬರೆದಿಟ್ಟಿದ್ದೇನೆ. ಕಿವಿಗೆ ಹೇಗಿದೆ ಹೇಳಿ.

ಇನ್ನೊಂದು ತೊಡಕು ಸ್ಲ್ಯಾಬ್. ಕೆಳಗಿನ ಪದರದಲ್ಲಿ ಹಿಮದ ಹರಳುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿರುತ್ತವೆ, ಅದರ ಮೇಲೆ ಗಟ್ಟಿ ಪದರ ಕೂತಿರುತ್ತದೆ. ಮನುಷ್ಯನ ಭಾರ ಬಿದ್ದರೆ ಸಾಕು, ಮೇಲಿನದು ಬಿರುಕು ಬಿಟ್ಟು ಇಡಿಯಾಗಿ ಜಾರುತ್ತದೆ. ಮನೆ ಮುಂದೆ ಹಾಸುವ ಚಪ್ಪಡಿ ಕಲ್ಲು ನೆನಪಾಗಿ ಮೇಲಿನದಕ್ಕೆ 'ಚಪ್ಪಡಿ ಹಿಮ' ಎಂದೆ. ಕೆಳಗಿನದಕ್ಕೆ 'ರವೆ ಹಿಮ'. ಮುಷ್ಟಿಯಲ್ಲಿ ಹಿಡಿದು ಒತ್ತಿದರೂ ಉಂಡೆಯಾಗದು, ಒಣ ರವೆಯ ಹಾಗೆ ಬೆರಳ ಸಂದಿಯಿಂದ ಸುರಿಯುತ್ತದೆ.

ಸಾಮಾನುಗಳಲ್ಲಿ, ಹಿಮದಡಿ ಹೂತವರು ಎಲ್ಲಿದ್ದಾರೆಂದು ರೇಡಿಯೊ ಸಂಕೇತದಿಂದ ತಿಳಿಸುವ ಬೀಕನ್ ಅನ್ನು ಹಾಗೇ ಬಿಟ್ಟಿದ್ದೇನೆ. ಹೂತವರನ್ನು ಚುಚ್ಚಿ ಹುಡುಕುವ ಉದ್ದ ಕಡ್ಡಿಗೆ 'ಸಲಾಕೆ' ಸರಿಯಾದ ಪದವೇ, ಆದರೆ ಅಗೆಯುವುದು 'ಸಲಿಕೆ'. ಮೊದಲ 15 ನಿಮಿಷದೊಳಗೆ ಹೊರಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಬೇಗ ಬೇಗ ಇಳಿಯುತ್ತದೆ. ಆ ಗಾಬರಿಯಲ್ಲಿ ಯಾರಾದರೂ 'ಸಲಾಕೆ ಕೊಡು' ಎಂದು ಕೂಗಿದರೆ ಸಲಿಕೆ ಕೈಗೆ ಬರಬಾರದು. 'ಚುಚ್ಚುಗೋಲು' ಆಗಬಹುದೇ?

ಕೊನೆಯದಾಗಿ, ಕಾಲಿಟ್ಟಾಗ ಕೆಳಗಿನ ಪದರ ಕುಸಿದು 'ಧುಂ' ಎಂದು ಮಂದವಾದ ಸದ್ದು ಬರುವುದುಂಟು. ಅದು ಕೇಳಿದರೆ ಮುಂದೆ ಹೋಗದೆ ವಾಪಸ್ ಬರಬೇಕು. ಮಲೆನಾಡು, ಕೊಡಗು, ಕರಾವಳಿಯವರೇ, ಮಳೆಗಾಲದಲ್ಲಿ ಗುಡ್ಡ ಜರಿಯುವ ಮೊದಲು ಒಳಗಿಂದ ಬರುವ ಸದ್ದಿಗೆ ನಿಮ್ಮ ಮನೆಯ ಹಿರಿಯರು ಏನಾದರೂ ಪದ ಹೇಳುತ್ತಿದ್ದರೇ?