ಹೊಡೆಯದೆ ಏನು ಮಾಡುವುದು: ಚಿಕ್ಕಪ್ಪನಿಗೊಂದು ಉತ್ತರ

ಚಿಕ್ಕಪ್ಪ, ನಿಮ್ಮ ಮಾತು ಕೇಳಿದೆ. ತಂಗಿ ಪೋಷಕರ ತರಗತಿಗೆ ಸೇರುತ್ತೇನೆ ಎಂದಾಗ, "ಮಕ್ಕಳನ್ನು ಬೆಳೆಸುವುದಕ್ಕೂ ಪಾಠ ಬೇಕೇ? ನಾವೆಲ್ಲ ಏಟು ತಿಂದೇ ನೆಟ್ಟಗಾಗಲಿಲ್ಲವೇ?" ಎಂದು ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಸರಿಸಬೇಡಿ.

ಏಟು ಬಿದ್ದ ಕ್ಷಣಕ್ಕೆ ಮಗು ಸುಮ್ಮನಾಗುತ್ತದೆ, ಒಪ್ಪುತ್ತೇನೆ. ಆದರೆ ಹಲವು ದಶಕಗಳ ಅಧ್ಯಯನಗಳನ್ನು 2016ರಲ್ಲಿ ಒಟ್ಟುಗೂಡಿಸಿ, ಸುಮಾರು 1,60,000 ಮಕ್ಕಳ ಮಾಹಿತಿಯನ್ನು ನೋಡಿದಾಗ, ಪೆಟ್ಟು ತಿನ್ನುವ ಮಕ್ಕಳಲ್ಲಿ ಜಗಳಗಂಟತನವೂ ಮಾತು ಮೀರುವುದೂ ಹೆಚ್ಚಾಗಿಯೇ ಕಂಡವು. ಸ್ವೀಡನ್ 1979ರಲ್ಲೇ ಮಕ್ಕಳನ್ನು ಹೊಡೆಯುವುದನ್ನು ಕಾನೂನಿನಿಂದ ನಿಷೇಧಿಸಿ, ಆ ವಿಷಯವನ್ನು ಹಾಲಿನ ಪೊಟ್ಟಣಗಳ ಮೇಲೂ ಅಚ್ಚು ಹಾಕಿಸಿತು.

ಸರಿ, ಹೊಡೆಯದೆ ಏನು ಮಾಡುವುದು? ತರಗತಿ ಬೇಕಾಗುವುದು ಇದಕ್ಕೇ. ಮಗು ಮೊಬೈಲಿಗಾಗಿ ಅಳುತ್ತದೆ, ತಾಯಿ ಕೊಡುವುದಿಲ್ಲ ಎನ್ನುತ್ತಾಳೆ. ಅಳು ಏರುತ್ತದೆ, ತಾಯಿಯ ದನಿಯೂ ಏರುತ್ತದೆ. ಕೊನೆಗೆ ಸಾಕಾಗಿ ಕೊಟ್ಟುಬಿಡುತ್ತಾಳೆ, ಮನೆ ಶಾಂತವಾಗುತ್ತದೆ. ಜೋರಾಗಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯಿತು, ಕೊಟ್ಟರೆ ಅಳು ನಿಲ್ಲುತ್ತದೆ ಎಂದು ತಾಯಿ ಕಲಿತಳು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್‌ಸನ್ ಕುಟುಂಬಗಳನ್ನು ಅವರವರ ಮನೆಯಲ್ಲೇ ಗಮನಿಸಿ ಗುರುತಿಸಿದ ಸುಳಿ ಇದು. ಇದರಿಂದ ಹೊರಬರುವ ದಾರಿಯನ್ನೇ ಒಳ್ಳೆಯ ತರಗತಿಗಳು ಕಲಿಸುತ್ತವೆ.

ಇಂಥ ಹಲವು ತರಗತಿಗಳು ಶುರುವಾಗುವುದು ಆಟದಿಂದ ಎಂಬುದು ನನಗೆ ತುಂಬಾ ಹಿಡಿಸಿದ ಸಂಗತಿ. ದಿನವೂ ಸ್ವಲ್ಪ ಹೊತ್ತು ಮಗು ಆರಿಸಿದ ಆಟ, ಅದು ಹೇಳಿದ ಹಾಗೆ. ಆಮೇಲೆ ಹೊಗಳುವ ಬಗೆ: "ಜಾಣ" ಎಂದಷ್ಟೇ ಹೇಳದೆ "ಆಟಿಕೆಗಳನ್ನು ನೀನೇ ಎತ್ತಿಟ್ಟೆಯಲ್ಲ" ಎನ್ನುವುದು. "ಓಡಬೇಡ" ಎನ್ನುವ ಬದಲು "ನಿಧಾನವಾಗಿ ನಡೆ" ಎನ್ನುವುದು. ಮುದ್ದು ಮಾಡಿ ಕೆಡಿಸುವ ಪಾಠವಂತೂ ಇದಲ್ಲ ಚಿಕ್ಕಪ್ಪ. ನಿಯಮ ಇದ್ದೇ ಇರುತ್ತದೆ. ಗೋಡೆಯ ಮೇಲೆ ಗೀಚಿದರೆ ಬಣ್ಣದ ಕಡ್ಡಿ ಆ ಹೊತ್ತಿಗೆ ಒಳಗೆ ಹೋಗುತ್ತದೆ, ಗೋಡೆ ಒರೆಸಲು ಮಗುವೂ ಕೈ ಹಾಕಬೇಕು. ಬೈಗುಳ ಮಾತ್ರ ಇರುವುದಿಲ್ಲ.

ತಂಗಿ, ಇದು ನಿನಗೆ. ಹಟಕ್ಕೆ ಮಣಿಯುವುದನ್ನು ನಿಲ್ಲಿಸಿದ ಹೊಸದರಲ್ಲಿ ಹಟ ಇನ್ನೂ ಜೋರಾಗಬಹುದು. ಹಳೆಯ ಉಪಾಯ ಯಾಕೆ ಫಲಿಸುತ್ತಿಲ್ಲ ಎಂದು ಮಗು ಪರೀಕ್ಷಿಸುವ ಸಮಯ ಅದು. ಇದೆಲ್ಲ ನಡೆಯುವುದಿಲ್ಲ ಎಂದು ಆಗಲೇ ಕೈಬಿಡಬೇಡ.

ಸೇರುವ ಮೊದಲು ಒಂದು ವಿಷಯ ವಿಚಾರಿಸು: ಬರೀ ಉಪನ್ಯಾಸವೋ, ಮಗುವಿನ ಜೊತೆ ಅಲ್ಲೇ ಅಭ್ಯಾಸವನ್ನೂ ಮಾಡಿಸುತ್ತಾರೋ? ಇಂಥ ಕಾರ್ಯಕ್ರಮಗಳನ್ನು ಹೋಲಿಸಿದ 2008ರ ಒಂದು ವಿಶ್ಲೇಷಣೆಯಲ್ಲಿ, ಪೋಷಕರು ತಮ್ಮ ಮಗುವಿನೊಂದಿಗೇ ತರಗತಿಯಲ್ಲಿ ಅಭ್ಯಾಸ ಮಾಡಿದ ಕಡೆ ಫಲ ಹೆಚ್ಚಾಗಿತ್ತು. ಸಾಧ್ಯವಾದರೆ ನಿನ್ನ ಗಂಡನನ್ನೂ ಕರೆದುಕೊಂಡು ಹೋಗು. ಚಿಕ್ಕಪ್ಪ, ಅವಳು ಇಲ್ಲ ಎಂದದ್ದನ್ನು ನೀವೂ ಚಿಕ್ಕಮ್ಮನೂ ಗುಟ್ಟಾಗಿ ಕೊಡದಿದ್ದರೆ ಅವಳಿಗೆ ಅರ್ಧ ಭಾರ ಇಳಿದಂತೆ.